ತುರಿಕೆಯೂ ಮುಲಾಮೂ

ರೋಗಿಗಳ ವಿಷಯದಲ್ಲಿ ನಮ್ಮ ಭಾಷೆ ಸಾಮಾನ್ಯವಾಗಿ ಕನಿಕರವುಳ್ಳದ್ದು. ಜ್ವರ ಬಂದು ಮಲಗಿದವನನ್ನು ಕಂಡು ‘ಪಾಪ’ ಎನ್ನುತ್ತೇವೆ; ಕೆಮ್ಮಿ ಕೆಮ್ಮಿ ಸೊರಗಿದವನಿಗೆ ಕುಳಿತುಕೊಳ್ಳಲು ಜಾಗ ಬಿಡುತ್ತೇವೆ. ತುರಿಕೆಯ ಮಾತು ಬಂದೊಡನೆ ಮಾತ್ರ ಅದೇ ಭಾಷೆ ನಗತೊಡಗುತ್ತದೆ. ಸುಮ್ಮನಿರಲಾರದೆ ಏನಾದರೂ ಆಡಿ ಕೆಡುವವನಿಗೆ ‘ಬಾಯಿತೀಟೆ’. ಹೊಡೆದಾಟಕ್ಕೆ ಹಾತೊರೆಯುವವನಿಗೆ ‘ಕೈ ತುರಿಸುತ್ತದೆ’. ಬೆಂಗಳೂರಿನವರು ಬೆಳಗಿನ ಉಪ್ಪಿಟ್ಟಿಗೆ ಹೇಳುವ ‘ತಿಂಡಿ’ ಎಂಬ ಶಬ್ದಕ್ಕೆ ನಮ್ಮ ವಿಜಯಪುರದ ಕಡೆ ತುರಿಕೆಯೆಂದೂ ಅರ್ಥ, ಕೆಣಕಿ ಜಗಳ ತೆಗೆಯುವ ಚಟವೆಂದೂ ಅರ್ಥ. ಪಂಡಿತರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಎದುರಾಳಿಯ ವಾದದ ಚಪಲವನ್ನು ಹೀಯಾಳಿಸಲು ‘ಕಂಡೂತಿ’ಯೆಂಬ ಸಂಸ್ಕೃತ ಪದವನ್ನು ಅವರು ಬಳಸಿದ್ದುಂಟು.

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ಶಬ್ದಗಳ ಪರಿಚಯ ಮೊದಲು, ರೋಗದ ಪರಿಚಯ ಆಮೇಲೆ. ಆದರೆ ಈ ಶಬ್ದಗಳಿಂದಾಗುವ ಅಪಕಾರ ಸಣ್ಣದಲ್ಲ. ತುರಿಕೆಯನ್ನು ಸ್ವಭಾವದ ದೋಷವೆಂಬಂತೆ ಕಾಣುವ ಊರಿನಲ್ಲಿ ತುರಿಕೆಯುಳ್ಳವನು ಅದನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟವನು ವೈದ್ಯರ ಬಳಿಗೆ ಹೋಗುವುದಿಲ್ಲ. ಸಂತೆಯ ದಿನ ಔಷಧದ ಅಂಗಡಿಯ ಮುಂದೆ ನಿಂತು, ಪಕ್ಕದವರಿಗೆ ಕೇಳಿಸದಂತೆ, ‘ತುರಿಕೆಗೆ ಒಂದು ಟ್ಯೂಬು ಕೊಡ್ರಿ’ ಎನ್ನುತ್ತಾನೆ. ಆ ಟ್ಯೂಬು ಯಾವಾಗ ಅಮೃತವಾಗುತ್ತದೆ, ಯಾವಾಗ ವಿಷವಾಗುತ್ತದೆ ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕೂ ಸೀಮೆಗಳು ಬಹುಮಟ್ಟಿಗೆ ಎರೆಭೂಮಿಯವು. ಮಳೆ ಕಡಿಮೆ, ಬಿಸಿಲು ಹೆಚ್ಚು. ಹಿಂಗಾರಿ ಜೋಳ, ಕಡಲೆ, ಕುಸುಬೆ, ಸೂರ್ಯಕಾಂತಿ, ತೊಗರಿ ಇಲ್ಲಿಯ ಬೆಳೆಗಳು. ಈ ಬೆಳೆಗಳ ನಡುವೆ, ಹೊಲದ ಬದುವಿನಲ್ಲಿ, ಕಾಲುವೆಯ ದಂಡೆಯಲ್ಲಿ, ಶಾಲೆಯ ಅಂಗಳದಲ್ಲಿ ಕೂಡ, ಯಾರೂ ಬಿತ್ತದೆ ಬೆಳೆಯುವ ಒಂದು ಗಿಡವಿದೆ. ಎಲೆ ಗಜ್ಜರಿಯ ಎಲೆಯಂತೆ ಸೀಳುಸೀಳಾಗಿರುತ್ತದೆ. ತುದಿಯಲ್ಲಿ ಸಣ್ಣ ಸಣ್ಣ ಬಿಳಿಯ ಹೂಗಳು. ಶಾಸ್ತ್ರಜ್ಞರು ಅದನ್ನು ಪಾರ್ಥೇನಿಯಂ ಎನ್ನುತ್ತಾರೆ. ನಮ್ಮ ಜನ ‘ಕಾಂಗ್ರೆಸ್ ಕಸ’ ಎನ್ನುತ್ತಾರೆ. ಹೂವಿನ ಬಿಳುಪು ಬಿಳಿಯ ಟೊಪ್ಪಿಗೆಯನ್ನು ನೆನಪಿಗೆ ತಂದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು.

ಇದು ನಮ್ಮ ನೆಲದ ಗಿಡವಲ್ಲ. ಇದರ ತವರು ಅಮೆರಿಕ ಖಂಡದ ಉಷ್ಣವಲಯ. ೧೯೫೫ರ ಸುಮಾರಿಗೆ ಪುಣೆಯಲ್ಲಿ ಇದನ್ನು ಗುರುತಿಸಲಾಯಿತು. ಹೊರದೇಶದಿಂದ ಬಂದ ಧಾನ್ಯದೊಡನೆ ಇದರ ಬೀಜವೂ ಬಂದಿರಬೇಕೆಂಬುದು ಬಹುಜನರ ಊಹೆ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದರಿಂದ ಎರಡು ದಶಕಗಳೊಳಗೆ ದಖ್ಖನಿನ ಬಯಲನ್ನೆಲ್ಲ ಇದು ಆಕ್ರಮಿಸಿತು. ೧೯೭೪ರ ಹೊತ್ತಿಗೆ, ಇದರಿಂದ ಬರುವ ಚರ್ಮದ ಉರಿಯೂತವನ್ನು ಕುರಿತ ಲೇಖನ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ೧೯೭೫ರಲ್ಲಿ ಕರ್ನಾಟಕ ಸರಕಾರ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ೧೯೮೪ರಲ್ಲಿ, ಇದರ ಎಲೆಯನ್ನೇ ತಿಂದು ಬದುಕುವ ಮೆಕ್ಸಿಕೋ ದೇಶದ ಜೀರುಂಡೆಯೊಂದನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಮಳೆಗಾಲದಲ್ಲಿ ತನ್ನ ಪಾಲಿನ ಕೆಲಸ ಮಾಡುತ್ತದೆ. ಗಿಡವೂ ತನ್ನ ಪಾಲಿನ ಕೆಲಸ ಬಿಟ್ಟಿಲ್ಲ.

ಈ ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮವಾದ ರೋಮಗಳಲ್ಲಿ ಪಾರ್ಥೇನಿನ್ ಎಂಬ ವಸ್ತುವಿದೆ. ಎಲ್ಲರಿಗೂ ಅದು ತೊಂದರೆ ಕೊಡುವುದಿಲ್ಲ. ವರ್ಷಗಟ್ಟಲೆ ಈ ಕಸದ ನಡುವೆಯೇ ಎಡೆ ಹೊಡೆದು, ಕಳೆ ಕಿತ್ತು ಏನೂ ಆಗದ ರೈತನ ಮೈ ಒಂದು ವರ್ಷ ಇದ್ದಕ್ಕಿದ್ದಂತೆ ಅದನ್ನು ಶತ್ರುವೆಂದು ಗುರುತಿಸುತ್ತದೆ. ಇದನ್ನೇ ಅಲರ್ಜಿ, ಅಂದರೆ ಒಗ್ಗದಿಕೆ, ಎನ್ನುವುದು. ಒಮ್ಮೆ ಗುರುತಿಸಿದ ಮೇಲೆ ಮೈ ಮರೆಯುವುದಿಲ್ಲ. ಗಿಡವನ್ನು ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ತಾಗಿದರೂ ಸಾಕು. ಆದುದರಿಂದಲೇ ರೋಗ ಮೊದಲು ಕಾಣಿಸುವುದು ಬಟ್ಟೆ ಮುಚ್ಚದ ಕಡೆ, ಧೂಳು ನಿಲ್ಲುವ ಕಡೆ – ಕಣ್ಣಿನ ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈಯ ಒಳಮಗ್ಗುಲು. ಮೊದಲು ಕೆಂಪು, ಆಮೇಲೆ ಸಣ್ಣ ಗುಳ್ಳೆ, ಕೆಲವೊಮ್ಮೆ ನೀರು ಒಸರುವುದು. ತುರಿಸಿ ತುರಿಸಿ ಕೊನೆಗೆ ಚರ್ಮ ದಪ್ಪವಾಗಿ, ಕಪ್ಪಾಗಿ, ಗೆರೆಗೆರೆಯಾಗಿ ಹಳೆಯ ಚಕ್ಕಳದಂತಾಗುವುದು. ಮಳೆಗಾಲದಲ್ಲಿ ಗಿಡ ಸೊಕ್ಕಿದಾಗ ರೋಗವೂ ಸೊಕ್ಕುತ್ತದೆ. ಚಳಿಗಾಲದಲ್ಲಿ ತುಸು ತಗ್ಗುತ್ತದೆ. ಹಲವು ವರ್ಷ ಕಳೆದ ಮೇಲೆ ಕೆಲವರಿಗೆ ಋತುವಿನ ಭೇದವೂ ಉಳಿಯುವುದಿಲ್ಲ; ಬಿಸಿಲು ಬಿದ್ದರೂ ಸಾಕು, ಮೈ ಕೆಂಪೇರುತ್ತದೆ. ಸೂರ್ಯಕಾಂತಿ, ಸೇವಂತಿಗೆಗಳು ಇದೇ ಗಿಡದ ಕುಲಕ್ಕೆ ಸೇರಿದವಾದುದರಿಂದ ಕೆಲವರಿಗೆ ಅವುಗಳ ಸ್ಪರ್ಶವೂ ಆಗದಂತಾಗುತ್ತದೆ.

ಇದು ಇಸಬಿನ ಒಂದು ಬಗೆ. ಇಸಬು ಅಂಟುರೋಗವಲ್ಲ. ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಮನೆಯ ಹಿರಿಯನಿಗೆ ಬೇರೆ ತಾಟು, ಬೇರೆ ಹಾಸಿಗೆ ಇಟ್ಟು, ಮೊಮ್ಮಗುವನ್ನು ಅವನ ತೊಡೆಯಿಂದ ಎಳೆದುಕೊಳ್ಳುವ ಮನೆಗಳು ಇಂದಿಗೂ ಇವೆ. ಆ ಹಿರಿಯನ ತೊಡೆಯ ಮೇಲೆ ಮಗು ಕುಳಿತರೆ ಮಗುವಿಗೆ ಏನೂ ಆಗುವುದಿಲ್ಲ; ಕೂಡಿಸದೆ ಹೋದರೆ ಹಿರಿಯನ ಮನಸ್ಸಿಗೆ ಆಗುವ ಗಾಯಕ್ಕೆ ಯಾವ ಮುಲಾಮೂ ಇಲ್ಲ.

ತುರಿಕೆ ಎಂದರೇನು? ೧೬೬೦ರಲ್ಲಿ ಹಾಫೆನ್‌ರೆಫರ್ ಎಂಬ ಜರ್ಮನ್ ವೈದ್ಯನು, ತುರಿಸಬೇಕೆಂಬ ಬಯಕೆಯನ್ನು ಹುಟ್ಟಿಸುವ ಅಹಿತವಾದ ಸಂವೇದನೆಯೇ ತುರಿಕೆ ಎಂಬ ಅರ್ಥದ ಲಕ್ಷಣವಾಕ್ಯವನ್ನು ಬರೆದನು. ಅದಕ್ಕಿಂತ ಉತ್ತಮವಾದ ಲಕ್ಷಣವನ್ನು ಇನ್ನೂ ಯಾರೂ ಹೇಳಿಲ್ಲವೆಂದೇ ಕಾಣುತ್ತದೆ. ಬಹುಕಾಲ ತುರಿಕೆಯನ್ನು ನೋವಿನ ಮರಿಯೆಂದು ಭಾವಿಸಲಾಗಿತ್ತು. ತುರಿಕೆಯ ಸುದ್ದಿಯನ್ನೇ ಮಿದುಳಿಗೆ ಒಯ್ಯುವ ಸೂಕ್ಷ್ಮ ನರತಂತುಗಳು ಬೇರೆಯೇ ಇವೆಯೆಂದು ೧೯೯೭ರಲ್ಲಿ ಮನುಷ್ಯರಲ್ಲಿ ತೋರಿಸಿಕೊಡಲಾಯಿತು. ತುರಿಸಿದಾಗ ಹುಟ್ಟುವ ಸಣ್ಣ ನೋವು ತುರಿಕೆಯನ್ನು ಕ್ಷಣಕಾಲ ಅಡಗಿಸುತ್ತದೆ; ಆ ಸುಖಕ್ಕಾಗಿಯೇ ನಾವು ತುರಿಸುವುದು. ಆದರೆ ಉಗುರು ಚರ್ಮವನ್ನು ಸೀಳುತ್ತದೆ, ಸೀಳಿದ ಚರ್ಮ ಮತ್ತಷ್ಟು ಉರಿಯುತ್ತದೆ, ಉರಿದಷ್ಟೂ ತುರಿಸುತ್ತದೆ. ಗಾಣದ ಎತ್ತಿನ ಹಾಗೆ ರೋಗಿ ಅದೇ ಸುತ್ತಿನಲ್ಲಿ ಸುತ್ತುತ್ತಾನೆ. ಹಗಲು ಕೆಲಸದ ಗಡಿಬಿಡಿಯಲ್ಲಿ ಮರೆತದ್ದು ರಾತ್ರಿ ಹಾಸಿಗೆಯಲ್ಲಿ ಎಚ್ಚರಗೊಳ್ಳುತ್ತದೆ. ನಿದ್ದೆಗೆಟ್ಟ ಮನುಷ್ಯ ಮರುದಿನ ಮನೆಯವರ ಮೇಲೆ ರೇಗಿದರೆ ಅದನ್ನೂ ‘ತಿಂಡಿ’ಯೆಂದೇ ಊರು ಕರೆಯುತ್ತದೆ.

ಇಂಥ ಇಸಬಿನ ತುರಿಕೆಗೆ ನುಂಗುವ ಅಲರ್ಜಿ ಮಾತ್ರೆಯಿಂದ ಆಗುವ ಉಪಯೋಗ ಕಡಿಮೆ. ಆ ಮಾತ್ರೆಗಳು ಹಿಸ್ಟಮೀನ್ ಎಂಬ ಒಂದು ರಸವನ್ನು ಮಾತ್ರ ತಡೆಯುತ್ತವೆ. ಇಸಬಿನ ತುರಿಕೆಗೆ ಬೇರೆ ರಸಗಳೇ ಮುಖ್ಯ ಕಾರಣ. ಹಳೆಯ ಬಗೆಯ ಮಾತ್ರೆಯಿಂದ ಮಂಪರು ಬಂದು ನಿದ್ದೆಯಾಗಬಹುದು, ಅಷ್ಟೆ. ಆದುದರಿಂದ ಮುಖ್ಯ ಚಿಕಿತ್ಸೆ ಹೊರಗಿನಿಂದ ಹಚ್ಚುವುದೇ. ಅದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ಚರ್ಮವನ್ನು ದುರಸ್ತಿ ಮಾಡುವುದು. ಎರಡನೆಯದು ಉರಿಯನ್ನು ಆರಿಸುವುದು.

ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆಯನ್ನು ನೀವು ಬಲ್ಲಿರಿ. ಮಳೆಗಾಲಕ್ಕೆ ಮೊದಲು ಅದರ ಮೇಲೆ ಹೊಸ ಮಣ್ಣು ಹಾಕಿ ಬಡಿದು ಗಟ್ಟಿ ಮಾಡದಿದ್ದರೆ ಬಿರುಕಿನಲ್ಲಿ ನೀರಿಳಿದು ಮನೆಯೆಲ್ಲ ಸೋರುತ್ತದೆ. ಚರ್ಮದ ಮೇಲ್ಪದರವೂ ಹಾಗೆಯೇ. ಅದು ಒಣಗಿ ಬಿರುಕು ಬಿಟ್ಟರೆ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು ಒಳಗೆ ಬರುತ್ತದೆ. ಈ ಮಾಳಿಗೆಗೆ ಹಾಕುವ ಮಣ್ಣೆಂದರೆ ಜಿಡ್ಡು. ಹೆಚ್ಚು ಬೆಲೆಯದೇ ಬೇಕಾಗಿಲ್ಲ; ವಾಸನೆ ಬೆರೆಸದ ವ್ಯಾಸಲೀನು ಅಥವಾ ಶುದ್ಧ ಕೊಬ್ಬರಿ ಎಣ್ಣೆ ಆದೀತು. ಸ್ನಾನವಾದ ಮೇಲೆ ಮೈಯನ್ನು ಒರಟಾಗಿ ತಿಕ್ಕದೆ, ಒತ್ತಿ ಒರಸಿ, ಇನ್ನೂ ತುಸು ತೇವವಿರುವಾಗಲೇ ಹಚ್ಚಬೇಕು. ದಿನಕ್ಕೆ ಎರಡು ಮೂರು ಸಲ ಹಚ್ಚಬೇಕು. ತುರಿಕೆ ನಿಂತ ಮೇಲೂ ಹಚ್ಚಬೇಕು. ಸುಡುಸುಡು ನೀರಿನ ಜಳಕ ಆ ಗಳಿಗೆಗೆ ಹಿತವೆನಿಸುತ್ತದೆ. ಆದರೆ ಅದು ಮೈಯ ಜಿಡ್ಡನ್ನೆಲ್ಲ ತೊಳೆದು ಒಂದು ತಾಸಿನಲ್ಲಿ ತುರಿಕೆಯನ್ನು ಮತ್ತೆ ಕರೆತರುತ್ತದೆ. ನೀರು ಉಗುರುಬೆಚ್ಚಗಿರಲಿ, ಸಾಬೂನು ಕಡಿಮೆಯಿರಲಿ, ಮೈ ತಿಕ್ಕುವ ಕಲ್ಲು ಬಚ್ಚಲ ಮೂಲೆಯಲ್ಲೇ ಇರಲಿ.

ಎರಡನೆಯದು ಉರಿಯಾರಿಸುವ ಮುಲಾಮು. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮಕ್ಕೆ ಹಚ್ಚಿದರೆ ಇಸಬು ಇಳಿಯುತ್ತದೆಂದು ೧೯೫೨ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ತೋರಿಸಿದರು. ಚರ್ಮವೈದ್ಯದ ಇತಿಹಾಸದಲ್ಲಿ ಅದೊಂದು ಹೊಸ ಯುಗ. ಅಲ್ಲಿಂದ ಮುಂದೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸೋಲ್ ಎಂದು ಒಂದಕ್ಕಿಂತ ಒಂದು ಬಲವಾದ ಮುಲಾಮುಗಳು ಬಂದವು. ಕ್ಲೊಬೆಟಸೋಲಿನ ಬಲ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು ಹೆಚ್ಚು. ಟ್ಯೂಬುಗಳು ನೋಡಲು ಒಂದೇ ಬಗೆಯಾಗಿ ಕಾಣುತ್ತವೆ. ಒಳಗಿರುವುದು ಒಂದರಲ್ಲಿ ಕರು, ಇನ್ನೊಂದರಲ್ಲಿ ಗೂಳಿ. ಕಣ್ಣಿನ ರೆಪ್ಪೆ, ಮುಖ, ತೊಡೆಯ ಸಂದುಗಳ ಚರ್ಮ ತೆಳುವಾದುದರಿಂದ ಔಷಧವನ್ನು ಹಲವು ಪಟ್ಟು ಹೆಚ್ಚಾಗಿ ಹೀರುತ್ತದೆ. ಅಲ್ಲಿಗೆ ಸೌಮ್ಯವಾದದ್ದು, ಅದೂ ಕೆಲವೇ ದಿನ. ದಪ್ಪಗಟ್ಟಿದ ಮೊಣಕೈ, ಪಾದಗಳಿಗೆ ಬಲವಾದದ್ದು ಬೇಕಾದೀತು. ಒಣಗಿ ಬಿರಿದ ಚರ್ಮಕ್ಕೆ ಜಿಡ್ಡಿನ ಮುಲಾಮು. ನೀರು ಒಸರುವಲ್ಲಿ ಮೊದಲು ಶುದ್ಧವಾದ ಒದ್ದೆಬಟ್ಟೆಯ ಪಟ್ಟಿ, ಆಮೇಲೆ ಕ್ರೀಮು.

ಎಷ್ಟು ಹಚ್ಚಬೇಕೆಂಬುದಕ್ಕೂ ಒಂದು ಅಳತೆಯಿದೆ. ೧೯೯೧ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರು ಅದನ್ನು ಸೂಚಿಸಿದರು. ತೋರುಬೆರಳಿನ ತುದಿಯಿಂದ ಮೊದಲನೆಯ ಗೆರೆಯವರೆಗೆ ಟ್ಯೂಬಿನಿಂದ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಮು ಆಗುತ್ತದೆ. ಬೆರಳುಗಳೂ ಸೇರಿದಂತೆ ಎರಡು ಅಂಗೈಯಗಲದ ಚರ್ಮಕ್ಕೆ ಅದು ಸಾಕು. ಮುಖ ಮತ್ತು ಕುತ್ತಿಗೆಗೆ ಇಂಥ ಎರಡೂವರೆ ಅಳತೆ, ಒಂದು ತೋಳಿಗೆ ಮೂರು, ಒಂದು ಕಾಲಿಗೆ ಆರು. ಅಕ್ಷರ ಬಾರದವರೂ ನೆನಪಿಡಬಹುದಾದ ತಕ್ಕಡಿ ಇದು. ತೀರ ಕಡಿಮೆ ಹಚ್ಚಿದರೆ ಉರಿ ಆರುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳುವಾಗುತ್ತದೆ. ವೈದ್ಯರು ಹೇಳಿದಷ್ಟು ದಿನ ಹಚ್ಚಿ, ಅವರು ಹೇಳಿದಂತೆಯೇ ಇಳಿಸುತ್ತ ಬರುವುದು ಕ್ರಮ.

ಸ್ಟೀರಾಯ್ಡ್ ಅಲ್ಲದ ಮುಲಾಮೂ ಈಗ ಉಂಟು. ೧೯೮೪ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ಕಡೆಯ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಟ್ಯಾಕ್ರೋಲಿಮಸ್ ಎಂಬ ವಸ್ತು ದೊರೆಯಿತು. ಅದನ್ನು ಮುಲಾಮಾಗಿ ಹಚ್ಚಿದರೆ ಮೊದಲ ಕೆಲವು ದಿನ ಉರಿ ಕಾಣಿಸಬಹುದು. ಆದರೆ ಅದು ಚರ್ಮವನ್ನು ತೆಳುವಾಗಿಸುವುದಿಲ್ಲ. ಮುಖಕ್ಕೂ ಕಣ್ಣಿನ ರೆಪ್ಪೆಗೂ ವೈದ್ಯರು ಅದನ್ನು ಆರಿಸಿಕೊಳ್ಳಲು ಅದೇ ಕಾರಣ. ಇಷ್ಟಕ್ಕೂ ಬಗ್ಗದ ಕಾಂಗ್ರೆಸ್ ಕಸದ ಇಸಬಿಗೆ ನುಂಗುವ ಔಷಧಗಳಿವೆ. ಅವನ್ನು ಆಗಾಗ ರಕ್ತಪರೀಕ್ಷೆ ಮಾಡಿಸುತ್ತ, ವೈದ್ಯರ ಕಣ್ಣಿನ ಮುಂದೆಯೇ ತೆಗೆದುಕೊಳ್ಳಬೇಕು.

ಇನ್ನು ಆ ಟ್ಯೂಬು ವಿಷವಾಗುವ ಬಗೆ. ತುರಿಸುವುದೆಲ್ಲ ಇಸಬಲ್ಲ. ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುವ ರೋಗವೊಂದಿದೆ. ಹೆಸರಿನಲ್ಲಿ ಹುಳುವಿದ್ದರೂ ಅದು ಹುಳುವಿನಿಂದ ಬರುವುದಲ್ಲ. ಬೂಷ್ಟಿನ ಜಾತಿಯ ಶಿಲೀಂಧ್ರದಿಂದ ಬರುವುದು. ದುಂಡಗೆ, ಅಂಚಿನಲ್ಲಿ ಕೆಂಪಗೆ ಉಬ್ಬಿ, ನಡುವೆ ತಿಳಿಯಾಗುತ್ತ ಬಳೆಯಂತೆ ಹಬ್ಬುವುದು ಅದರ ಗುರುತು. ಸೊಂಟ, ತೊಡೆಯ ಸಂದು, ಬೆವರು ನಿಲ್ಲುವ ಜಾಗಗಳು ಅದಕ್ಕೆ ಪ್ರಿಯ. ಇಸಬಿಗೆ ಅಮೃತವಾದ ಸ್ಟೀರಾಯ್ಡ್ ಮುಲಾಮು ಈ ರೋಗಕ್ಕೆ ಗೊಬ್ಬರ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ. ರೋಗಿ ಅಂಗಡಿಯವನನ್ನು ಹರಸುತ್ತಾನೆ. ಆದರೆ ಶಿಲೀಂಧ್ರವನ್ನು ತಡೆಯುತ್ತಿದ್ದ ಮೈಯ ಕಾವಲುಗಾರ ನಿದ್ದೆಹೋಗಿರುತ್ತಾನೆ. ಕಾವಲಿಲ್ಲದ ಹೊಲಕ್ಕೆ ದನ ನುಗ್ಗಿದಂತೆ ಬಳೆ ಹೊಟ್ಟೆಗೆ, ಬೆನ್ನಿಗೆ ಹಬ್ಬುತ್ತದೆ. ಮುಲಾಮು ಬಿಟ್ಟರೆ ಇಮ್ಮಡಿ ತುರಿಕೆ, ಹಚ್ಚಿದರೆ ಇಮ್ಮಡಿ ಹಬ್ಬುಗೆ. ಕೊನೆಗೆ ಬಳೆಯ ಆಕಾರವೂ ಅಳಿಸಿಹೋಗಿ, ವೈದ್ಯರಿಗೂ ಗುರುತು ಸಿಗದಂತೆ ರೋಗ ವೇಷ ಮರೆಸಿಕೊಳ್ಳುತ್ತದೆ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೈವಿಕ ಮೂರನ್ನೂ ಒಂದೇ ಟ್ಯೂಬಿನಲ್ಲಿ ಕಲಸಿ ಮಾರುವ ಮುಲಾಮುಗಳಿಂದ ಈ ಅನಾಹುತ ನಮ್ಮ ದೇಶದಲ್ಲೆಲ್ಲ ಹರಡಿತು. ಮಾಮೂಲಿನ ಶಿಲೀಂಧ್ರನಾಶಕಕ್ಕೆ ಬಗ್ಗದ ಒಂದು ತಳಿ ಇಂದು ನಮ್ಮಲ್ಲಿ ಪ್ರಬಲವಾಗಿದೆ. ೨೦೨೦ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನೀ ಎಂದು ಹೆಸರಿಟ್ಟರು. ಆ ಹೆಸರಿನಲ್ಲೇ ಇಂಡಿಯಾ ಇದೆ. ಇಂಥ ಕೀರ್ತಿ ನಮಗೆ ಬೇಕಾಗಿರಲಿಲ್ಲ.

೨೦೧೮ರಲ್ಲಿ ಕೇಂದ್ರ ಸರಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕಾಯದೆ ಪುಸ್ತಕದಲ್ಲಿದೆ, ಅಂಗಡಿಯ ಮುಂದೆ ಪಿಸುದನಿಯಲ್ಲಿ ಕೇಳುವವನು ಇರುವವರೆಗೆ ಕೊಡುವವನೂ ಇದ್ದೇ ಇರುತ್ತಾನೆ. ಮುಖ ಬೆಳ್ಳಗಾಗಲೆಂದು ಇದೇ ಮುಲಾಮನ್ನು ಹಚ್ಚಿಕೊಳ್ಳುವ ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಮೊದಲು ಹೊಳಪು, ಆಮೇಲೆ ಕೆಂಪು ನರ, ಮೊಡವೆ, ಬೇಡದ ಕೂದಲು, ಬಿಟ್ಟರೆ ಉರಿ.

ಮೂರನೆಯದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಕೀಟವೊಂದು ಚರ್ಮದಲ್ಲಿ ಬಿಲ ತೋಡುವುದರಿಂದ ಬರುವ ರೋಗ ಇದು. ರಾತ್ರಿ ತುರಿಕೆ ಹೆಚ್ಚು. ಬೆರಳಿನ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆ. ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರಿಗೆ. ಇದಕ್ಕೆ ಪರ್ಮೆಥ್ರಿನ್ ಎಂಬ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ವಾರದ ಮೇಲೆ ಇನ್ನೊಮ್ಮೆ. ಮನೆಮಂದಿಯೆಲ್ಲ ಒಂದೇ ದಿನ ಹಚ್ಚದಿದ್ದರೆ ಹಚ್ಚಿದ್ದು ವ್ಯರ್ಥ. ಕೂಸುಗಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಇನ್ನು, ಮೈಮೇಲೆ ಯಾವ ಗುಳ್ಳೆಯೂ ಇಲ್ಲದೆ ವಾರಗಟ್ಟಲೆ ತುರಿಸುತ್ತಿದ್ದರೆ ಅದು ಮೂತ್ರಪಿಂಡ ಅಥವಾ ಯಕೃತ್ತು ಕಳಿಸಿದ ಸಂದೇಶವಾಗಿರಬಹುದು. ಅಲ್ಲಿ ಮುಲಾಮಿಗೆ ಕೆಲಸವಿಲ್ಲ.

ಮನೆಮದ್ದಿನ ಮಾತನ್ನೂ ಆಡಬೇಕು. ಇಂಡಿಯ ನಿಂಬೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು. ಊಟದ ತಾಟಿನಲ್ಲಿ ಅದಕ್ಕೆ ಸಮನಾದುದಿಲ್ಲ. ಆದರೆ ತುರಿಸುವ ಮೈಗೆ ನಿಂಬೆಯ ಹೋಳು ತಿಕ್ಕಿಕೊಂಡು ಬಿಸಿಲಿಗೆ ಹೋದರೆ, ಅದರ ಸಿಪ್ಪೆ ಮತ್ತು ರಸದಲ್ಲಿರುವ ವಸ್ತು ಬಿಸಿಲಿನೊಡನೆ ಕೂಡಿ ಚರ್ಮವನ್ನು ಸುಡುತ್ತದೆ. ಬೊಬ್ಬೆಯೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅರೆದ ಬೆಳ್ಳುಳ್ಳಿಯೂ ಸುಡುತ್ತದೆ, ಸೀಮೆಎಣ್ಣೆಯೂ ಕೆರಳಿಸುತ್ತದೆ, ಕೇರುಬೀಜದ ಎಣ್ಣೆಯಂತೂ ತಾನೇ ಒಂದು ಭಯಂಕರ ಇಸಬನ್ನು ತಂದಿಡುತ್ತದೆ. ಉರಿಯುವ ಮನೆಗೆ ಎಣ್ಣೆ ಸುರಿಯುವುದೆಂದರೆ ಇದೇ. ಕೊಬ್ಬರಿ ಎಣ್ಣೆಯನ್ನು ಹೊಗಳಿದ ಬಾಯಿಯೇ ಇವನ್ನು ಬೇಡವೆನ್ನುತ್ತಿದೆ. ಹಳೆಯದೆಲ್ಲ ಒಳ್ಳೆಯದಲ್ಲ, ಹಳೆಯದೆಲ್ಲ ಕೆಟ್ಟದ್ದೂ ಅಲ್ಲ.

‘ಕಾಂಗ್ರೆಸ್ ಕಸದಿಂದ ದೂರವಿರು’ ಎಂದು ರೈತನಿಗೆ ಹೇಳುವುದು ಸುಲಭ. ಹೊಲ ಬಿಟ್ಟು ಅವನು ಹೋಗುವುದೆಲ್ಲಿಗೆ? ಆದರೂ ಆಗುವಷ್ಟು ಮಾಡಬಹುದು. ಗಿಡ ಹೂ ಬಿಡುವ ಮೊದಲೇ, ಮಳೆಯಾಗಿ ನೆಲ ಮೆದುವಾಗಿದ್ದಾಗ, ಬೇರು ಸಹಿತ ಕೀಳಬೇಕು. ಕೀಳುವವನು ಅಲರ್ಜಿಯಿಲ್ಲದವನಾಗಿರಬೇಕು, ಕೈಗೆ ಚೀಲ ಇಲ್ಲವೆ ಗವಸು ಇರಬೇಕು. ಒಣಗಿದ ಗಿಡಕ್ಕೆ ಬೆಂಕಿ ಹಚ್ಚಿ ಹೊಗೆಯ ಮುಂದೆ ನಿಲ್ಲಬಾರದು. ರೋಗವುಳ್ಳವನು ತುಂಬು ತೋಳಿನ ಅಂಗಿ ತೊಟ್ಟು, ಕುತ್ತಿಗೆ ಮುಚ್ಚುವಂತೆ ವಸ್ತ್ರ ಸುತ್ತಿಕೊಂಡು ಹೊಲಕ್ಕೆ ಹೋಗಬೇಕು. ಮನೆಗೆ ಬಂದೊಡನೆ ಜಳಕ ಮಾಡಿ ಬಟ್ಟೆ ಬದಲಿಸಬೇಕು. ಒಗೆದ ಬಟ್ಟೆಯನ್ನು ಆ ಗಿಡಗಳ ಮೇಲೆ ಹರವಬಾರದು. ಒಬ್ಬನ ಬದು ಶುದ್ಧವಾಗಿ ಪಕ್ಕದವನ ಬದು ಬಿಳಿ ಹೂವಿನಿಂದ ತುಂಬಿದ್ದರೆ ಪ್ರಯೋಜನವಿಲ್ಲ. ಇದು ಊರೆಲ್ಲ ಒಂದಾಗಿ ಮಾಡಬೇಕಾದ ಕೆಲಸ.

ನಿಜವಾದ ಕಾರಣ ಯಾವುದೆಂದು ತಿಳಿಯಲು ಪರೀಕ್ಷೆಗಳಿವೆ. ಅನುಮಾನದ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಂತೆ ಅಂಟಿಸಿ ಎರಡು ದಿನ ಬಿಟ್ಟು ನೋಡಿದರೆ ಅಲರ್ಜಿ ಗೊತ್ತಾಗುತ್ತದೆ. ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಕಾಣುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಂಡರೆ ಅಲ್ಲಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಚರ್ಮ ವಿಭಾಗಕ್ಕೋ ದಾರಿ ಹೇಳುತ್ತಾರೆ. ಹೋಗುವ ಮೊದಲು ಒಂದು ಕೆಲಸ ಮಾಡಿರಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ – ಖಾಲಿಯಾದವು, ಅರ್ಧವಾದವು, ಬೀಗರು ಕೊಟ್ಟವು, ಗೂಡಿನಲ್ಲಿ ಬಚ್ಚಿಟ್ಟವು – ಒಂದು ವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಜೊತೆಗೆ ಒಯ್ಯಿರಿ. ವೈದ್ಯರ ಮೇಜಿನ ಮೇಲೆ ನಾಚಿಕೆಯಿಲ್ಲದೆ ಆ ಗಂಟನ್ನು ಬಿಚ್ಚಿರಿ. ಅರ್ಧ ರೋಗದ ಕಥೆ ಅದರಲ್ಲಿಯೇ ಇರುತ್ತದೆ.